ಜಾಲಿಯಲ್ಲಿ ಇಳಿದವಳು

"ಅಜ್ಜಾರ, ನಮ್ಮನ್ನ ಎತ್ತಿದ ಬಲಾನ ನಡುವ ನಿಂತುಹೋದ್ರ, ಹೊಂಟ ಜಾಗಕ್ಕ ತಿರುಗಿ ಬರೋದು ತಪ್ಪೇನ್ರಿ?"

ಹೀಗೆ ಕೇಳಿದವನು ಅಡಿವೆಪ್ಪನೆಂಬ ಶಿಷ್ಯ. ಮಠದ ಅಜ್ಜಾರು ಅವನನ್ನು ಕಲ್ಲು ಒಡೆಯುವವರ ಒಂದು ವಸ್ತಿಗೆ ಕಳಿಸಿದ್ದರು. ಅಲ್ಲಿಯ ಮಕ್ಕಳಿಗೆ ನಾಲ್ಕಕ್ಷರ ಕಲಿಸು, ಮಧ್ಯಾಹ್ನ ಒಂದು ತುತ್ತು ಹಾಕು ಎಂದು ಹೇಳಿದ್ದರು. ಕೆಲಸಕ್ಕೆ ಬೆನ್ನಾಗಿ ನಿಂತವನು ಆ ಸೀಮೆಯ ಒಬ್ಬ ಗೌಡ. ಸೂರು ಅವನದು, ಜೋಳ ಅವನದು. ಮಕ್ಕಳು ಬಂದು ಸಾಲಾಗಿ ಕೂರಲು ಕಲಿತ ಹೊತ್ತಿಗೆ ಸರಿಯಾಗಿ ಗೌಡ ಕೈ ಹಿಂದೆಗೆದ. ಸೂರಿಗೆ ಬೀಗ ಬಿತ್ತು. ಅಡಿವೆಪ್ಪ ಚೀಲ ಹೆಗಲಿಗೇರಿಸಿ ಮಠಕ್ಕೆ ನಡೆದು ಬಂದ. ಅವನ ಹಳೆಯ ಕೋಣೆ ಖಾಲಿಯೇ ಇತ್ತು. ಅಜ್ಜಾರು ಹೂಂ ಅನ್ನುವುದೊಂದು ಬಾಕಿ.

ಅಜ್ಜಾರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕುಳಿತುಕೋ ಎಂದರು.

ಅಜ್ಜಾರು ಶಾಲೆಯ ಮೆಟ್ಟಿಲು ತುಳಿದವರಲ್ಲ. ಆದರೆ ಕತೆಗೆ ಕೂತರೆ ಅವರ ಬಾಯಲ್ಲಿ ಬೆಟ್ಟ ಎದ್ದು ನಡೆಯುತ್ತಿತ್ತು, ಬಾವಿ ಮಗ್ಗಲು ಬದಲಿಸುತ್ತಿತ್ತು. ಕೇಳುವವರು ಅರ್ಧ ಕಳೆದು ಅರ್ಧ ನಂಬುತ್ತಾರೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಮೊದಲೇ ಎರಡರಷ್ಟು ಮಾಡಿ ಹೇಳುತ್ತಿದ್ದರು. ಅಂದು ಹೇಳಿದ್ದು ಇದು.

ಒಬ್ಬ ವರ್ತಕನಿದ್ದ. ಮೆಣಸಿನಕಾಯಿಯ ವರ್ತಕ. ಅವನ ಗೋದಾಮಿನ ಬಾಗಿಲು ತೆರೆದರೆ ಸುತ್ತಲಿನ ಊರುಗಳೆಲ್ಲ ಒಟ್ಟಿಗೆ ಸೀನುತ್ತಿದ್ದವು. ಎದುರಿನ ಅಂಗಡಿಯವನು ಉದ್ದನೆಯ ಕಾರು ತಂದನೆಂದು ಇವನು ಒಂದು ಸಣ್ಣ ವಿಮಾನ ತಂದ. ಸಣ್ಣದು ಅಂದರೆ ಎಷ್ಟು ಸಣ್ಣದು? ಬಾಲದ ಮೇಲೆ ಕಾಗೆ ಕೂತರೆ ಮೂಗು ಮೇಲೇಳುತ್ತಿತ್ತು. ತಲೆಯ ಮೇಲೆ ರೆಕ್ಕೆ, ಕೆಳಗೆ ಇಬ್ಬರು ಕೂರುವ ಡಬ್ಬಿ, ಮುಂದೆ ಒಂದು ಎಂಜಿನ್, ಎಂಜಿನ್ನಿನ ಮೂಗಿಗೆ ಒಂದು ಫ್ಯಾನು. ಅಷ್ಟೇ. ಊರಾಚೆ ತನ್ನ ಹೊಲದಲ್ಲೇ ಡಾಂಬರು ಹಾಕಿಸಿ ಒಂದು ರನ್‌ವೇ ಮಾಡಿಸಿದ. ಅದರ ಮೇಲೆ ಅವನು ಎಮ್ಮೆ ನಡೆಯಲೂ ಬಿಡುತ್ತಿರಲಿಲ್ಲ.

ವಿಮಾನ ಬಂತು, ಹಾರಿಸುವವರು ಬೇಕಲ್ಲ. ಒಬ್ಬ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಳು. ಚಿಕ್ಕ ವಯಸ್ಸು, ಕಡಿಮೆ ಮಾತು. ವರ್ತಕ ಅವಳ ಹಿಂದೆ ಇಣುಕಿ ನೋಡಿದ, ಪೈಲಟ್ ಎಲ್ಲಿ ಎಂದು. ನಾನೇ ಎಂದಳು. ವರ್ತಕ ಮತ್ತೊಮ್ಮೆ ಇಣುಕಿದ. ಬೇರೆ ಯಾರೂ ಇರಲಿಲ್ಲ. ಆಯಿತು, ಹಾರಿಸು ನೋಡೋಣ ಎಂದ. ಅವಳು ಅವನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿ ನೆಲಕ್ಕೆ ತಂದಳು. ಅವನ ಬಾಯೊಳಗಿನ ಎಲೆ ಅಡಿಕೆ ಇನ್ನೂ ನುರಿದಿರಲಿಲ್ಲ. ಅಂದಿನಿಂದ ಅವಳೇ ಪೈಲಟ್.

ಅವಳಲ್ಲಿ ಒಂದು ಅಭ್ಯಾಸವಿತ್ತು. ಪ್ರತಿ ಸಲ ನೆಲ ಬಿಡುವ ಮುಂಚೆ, ರನ್‌ವೇಯ ತುದಿಯಲ್ಲಿ ವಿಮಾನ ನಿಲ್ಲಿಸಿ, ಒಂದು ಮಾತನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ಏರುವಾಗ ಎಂಜಿನ್ ಸತ್ತರೆ ಮೂಗು ಇಳಿಸುತ್ತೇನೆ, ಮುಂದೆ ಇದ್ದಲ್ಲಿ ಇಳಿಯುತ್ತೇನೆ, ಹಿಂದೆ ತಿರುಗುವುದಿಲ್ಲ. ಅವಳಿಗೆ ಹಾರಾಟ ಕಲಿಸಿದವರು ಹಾಗೆ ಹೇಳಿಸಿ ಹೇಳಿಸಿ ರೂಢಿ ಮಾಡಿಸಿದ್ದರು. ಮೊದಲ ಸಲ ಕೇಳಿದಾಗ ವರ್ತಕನ ಎದೆ ಧಸಕ್ಕೆಂದಿತು. ಹೊರಡುವ ಹೊತ್ತಿನಲ್ಲಿ ಇಂಥ ಮಾತೇ? ಬಿಡ್ತು ಅನ್ನು ಎಂದು ಗದರಿದ. ಅವಳು ಬಿಡ್ತು ಎಂದಳು. ಮುಂದಿನ ಸಲವೂ ಅವಳು ಆ ಮಾತು ಹೇಳಿದಳು, ಅವನು ಬಿಡ್ತು ಅನ್ನಿಸಿದ. ಹೀಗೆ ಇಬ್ಬರಿಗೂ ಅಭ್ಯಾಸವಾಗಿ ಹೋಯಿತು. ಇಬ್ಬರೂ ತಮ್ಮ ತಮ್ಮ ಮಂತ್ರ ಹೇಳಿಕೊಂಡು ಆಕಾಶಕ್ಕೆ ಹೋಗಿ ಬರುತ್ತಿದ್ದರು.

ಆಯುಧಪೂಜೆ ಬಂತು. ತಕ್ಕಡಿಗೆ ಪೂಜೆ, ಲಾರಿಗೆ ಪೂಜೆ, ಎಲ್ಲಕ್ಕಿಂತ ದೊಡ್ಡ ಪೂಜೆ ವಿಮಾನಕ್ಕೆ. ವರ್ತಕನ ಬೀಗರು, ಬಿಜ್ಜರು, ಎದುರಂಗಡಿಯವನು ಸಹ ಬಂದು ಪೆಂಡಾಲಿನ ಕೆಳಗೆ ಕೂತರು. ಪೂಜೆಯ ನಂತರ ವರ್ತಕ ಅವರೆಲ್ಲರ ತಲೆಯ ಮೇಲೆ ಒಂದು ಸುತ್ತು ಹಾಕಿ ಹೂವು ಚೆಲ್ಲುವುದೆಂದು ನಿಶ್ಚಯವಾಗಿತ್ತು.

ಪೂಜೆಯನ್ನು ಅವನು ಇನ್ನೊಬ್ಬರ ಕೈಗೆ ಬಿಡಲಿಲ್ಲ. ಫ್ಯಾನಿಗೆ ಚೆಂಡುಹೂವಿನ ಮಾಲೆ ಹಾಕಿದ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಆಮೇಲೆ ಏಣಿ ತರಿಸಿ ಸ್ವತಃ ಹತ್ತಿದ. ಏಣಿ ಮುರಿಯದೇ ಉಳಿದದ್ದೇ ಆ ದಿನದ ಮೊದಲ ಪವಾಡ. ರೆಕ್ಕೆಯ ಮೇಲೆ ಅಡ್ಡಡ್ಡ ವಿಭೂತಿ ಎಳೆದ. ರೆಕ್ಕೆಯೊಳಗೆ ಎಡಕ್ಕೊಂದು ಬಲಕ್ಕೊಂದು ಎಂಜಿನ್ನಿನ ಎಣ್ಣೆಯ ಟಾಕಿ, ಎರಡಕ್ಕೂ ದುಂಡನೆಯ ಮುಚ್ಚಳ. ದುಂಡಗಿದ್ದದ್ದು ಅವನಿಗೆ ಹಣೆಯ ಹಾಗೆ ಕಂಡಿತು. ನೆನೆಸಿದ ವಿಭೂತಿಯನ್ನು ಮುದ್ದೆ ಮಾಡಿ ಮುಚ್ಚಳದ ನಡುವೆ ಒತ್ತಿದ, ಅದರ ಮೇಲೆ ಕುಂಕುಮ ಒತ್ತಿದ, ಅದರ ಮೇಲೆ ಒಂದು ಹೂವು ಒತ್ತಿದ. ಎರಡಕ್ಕೂ ಹಾಗೆಯೇ ಮಾಡಿದ. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ದೇವರು ಒಪ್ಪುವುದಿಲ್ಲವಲ್ಲ.

ಅಂಥ ಪ್ರತಿ ಮುಚ್ಚಳದ ನಡುವೆ ಗಾಳಿ ಒಳಗೆ ಹೋಗಲು ಒಂದು ಸಣ್ಣ ತೂತಿರುತ್ತದೆ. ಎಣ್ಣೆ ಡಬ್ಬಿಗೆ ಒಂದೇ ಕಡೆ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಎರಡು ಗುಟುಕು ಬಿದ್ದು ನಿಂತುಬಿಡುತ್ತದೆ, ಮೇಲೊಂದು ತೂತು ಹೊಡೆದರೆ ಮಾತ್ರ ಧಾರೆ ಕಟ್ಟುತ್ತದೆ. ಒಲೆಯ ಮುಂದೆ ನಿಂತವರಿಗೆಲ್ಲ ಇದು ಗೊತ್ತು. ವರ್ತಕ ಒಲೆಯ ಮುಂದೆ ನಿಂತವನಲ್ಲ.

ಇಲ್ಲಿ ಅಡಿವೆಪ್ಪ ಬಾಯಿ ಹಾಕಿದ. "ಇದನ್ನೆಲ್ಲ ನೀವು ಕಣ್ಣಾರೆ ನೋಡೀರೇನ್ರಿ ಅಜ್ಜಾರ?"

"ನೋಡೇನಿ ಅಂತನ ಇಷ್ಟು ಸಣ್ಣದು ಮಾಡಿ ಹೇಳಾಕತ್ತೇನಿ. ನೋಡದಿದ್ರ ಇನ್ನೂ ದೊಡ್ಡದು ಮಾಡಿ ಹೇಳ್ತಿದ್ದೆ" ಎಂದರು ಅಜ್ಜಾರು. ಮುಂದಕ್ಕೆ ಹೇಳಿದರು.

ಹೆಣ್ಣುಮಗಳು ಬೆಳಿಗ್ಗೆಯೇ ಎಲ್ಲವನ್ನೂ ಮುಟ್ಟಿ ನೋಡಿದ್ದಳು. ಎಣ್ಣೆ ನೋಡಿದ್ದಳು, ಗಾಳಿ ನೋಡಿದ್ದಳು. ಆದರೂ ಹೊರಡುವ ಮುಂಚೆ ಇನ್ನೊಮ್ಮೆ ನೋಡುವುದು ಅವಳ ಪದ್ಧತಿ. ಮಾಲೆ ತೆಗೆದಳು, ಗಾಜಿಗೆ ಬಡಿದಿದ್ದ ಅರಿಶಿನ ಒರೆಸಿದಳು, ಏಣಿಗೆ ಕೈ ಹಾಕಿದಳು. ವರ್ತಕ ತಡೆದ. ಪೂಜೆ ಮಾಡಿದ ಮೈಗೆ ಕಾಲು ತಾಗಿಸುತ್ತಾರೆಯೇ, ಬೆಳಿಗ್ಗೆ ನೋಡಿದ್ದಾಯಿತಲ್ಲ ಎಂದ. ಬೀಗರು ಕೂಡ ಹೌದು ಹೌದು ಎಂದರು. ಅಷ್ಟು ಜನರ ಎದುರು ಅವಳಿಗೆ ಮಾತು ಬೆಳೆಸಲು ಮನಸ್ಸಾಗಲಿಲ್ಲ. ಏಣಿ ಬಿಟ್ಟಳು.

ರನ್‌ವೇಯ ತುದಿಗೆ ಹೋದರು. ಅವಳು ಬಾಯಿ ತೆರೆಯುವಷ್ಟರಲ್ಲಿ ವರ್ತಕ ಕೈ ಅಡ್ಡ ಹಿಡಿದ. ಇವತ್ತೊಂದು ದಿನ ಆ ಮಾತು ಬೇಡ, ದೇವರ ದಿನ ಎಂದ. ಅವಳು ಅದಕ್ಕೂ ತಲೆಯಾಡಿಸಿದಳು. ತುಟಿ ಮುಚ್ಚಿ, ಹಲ್ಲು ಕಚ್ಚಿ, ಮಾತನ್ನು ಒಳಗೇ ಹೇಳಿಕೊಂಡಳು. ಹೊರಗೆ ಹೇಳುವಾಗ ಎಂದೂ ಅದಕ್ಕೆ ಅಷ್ಟು ತೂಕವಿರಲಿಲ್ಲ.

ವಿಮಾನ ಓಡಿತು. ನೆಲ ಬಿಟ್ಟಿತು. ಪೆಂಡಾಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರ್ತಕ ಕಿಟಕಿಗೆ ಮುಖವಿಟ್ಟು, ಎದುರಂಗಡಿಯವನು ಎಲ್ಲಿದ್ದಾನೆಂದು ಹುಡುಕಿ, ಅವನಿಗೇ ಕೈ ಬೀಸಿದ. ರನ್‌ವೇ ಮುಗಿಯಿತು. ಹುಣಸೆಮರ ಕೆಳಗಾಯಿತು. ಮರದ ಮೇಲೆ ಮರ ಇಟ್ಟಷ್ಟು ಎತ್ತರ ಏರಿದರು. ಆಗ ಎಂಜಿನ್ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಸುಮ್ಮನಾಯಿತು.

ಆಕಾಶದಲ್ಲಿ ಸದ್ದು ನಿಂತರೆ ಹೇಗಿರುತ್ತದೆಂದು ಕೇಳಬೇಡ. ವರ್ತಕನಿಗೆ ತನ್ನ ಹೊಟ್ಟೆಯೊಳಗಿನ ಹೋಳಿಗೆ ಕರಗುವ ಸಪ್ಪಳವೂ ಕೇಳಿಸಿತಂತೆ.

ಎಂಜಿನ್ ಸತ್ತಾಗ ವಿಮಾನದ ಮೂಗು ಆಕಾಶ ನೋಡುತ್ತಿತ್ತು. ಹೆಣ್ಣುಮಗಳ ಮೈಯೆಲ್ಲ ಒಂದೇ ಮಾತು ಹೇಳಿತು, ಮೂಗನ್ನು ಹಾಗೇ ಹಿಡಿ, ಇನ್ನೂ ಎತ್ತು, ನೆಲದಿಂದ ದೂರ ಇರು. ಹಾಗೆ ಹಿಡಿದವರು ಯಾರೂ ಉಳಿದಿಲ್ಲ. ಗಾಳಿ ರೆಕ್ಕೆಯನ್ನು ಸವರಿಕೊಂಡು ಹರಿಯುವವರೆಗೆ ಅದು ವಿಮಾನ, ಹರಿಯುವುದು ನಿಂತರೆ ಅದು ತಗಡು. ಅವಳು ಮೈಯ ಮಾತು ಕೇಳಲಿಲ್ಲ. ಕೈಯಲ್ಲಿದ್ದ ಹಿಡಿಯನ್ನು ಮುಂದಕ್ಕೆ ಒತ್ತಿದಳು. ಬೇಡ ಬೇಡವೆನ್ನುವ ನೆಲದ ಕಡೆಗೆ ತಾನಾಗಿ ಮೂಗು ಇಳಿಸಿದಳು. ರೆಕ್ಕೆಗೆ ಗಾಳಿ ಸಿಕ್ಕಿತು. ಕೈಗೆ ಸಿಕ್ಕ ಗುಂಡಿ, ಕೀಲು ಎಲ್ಲ ತಿರುವಿ ನೋಡಿದಳು. ಎಂಜಿನ್ ಏಳಲಿಲ್ಲ.

ಗಾಜಿನ ತುಂಬ ನೆಲ ಕಂಡಿತು. ನೆಲವೆಂದರೆ ನೆಲವಲ್ಲ. ಕಣ್ಣು ಹೋದಷ್ಟು ದೂರ ಜಾಲಿಮುಳ್ಳು, ನಡುನಡುವೆ ಕರಿಯ ಬಂಡೆ, ಮಳೆ ಕೊರೆದ ಕೊರಕಲು. ಊರಿನ ಆಡುಗಳೂ ಅಲ್ಲಿಗೆ ಹೋದರೆ ಹಿಂದಿರುಗಿ ಬಂದು ದೂರು ಹೇಳುತ್ತಿದ್ದವು.

ವರ್ತಕ ಕತ್ತು ಹೊರಳಿಸಿ ಹಿಂದೆ ನೋಡಿದ. ರನ್‌ವೇ ಅಲ್ಲೇ ಇತ್ತು. ಕರ್ರಗೆ, ನುಣ್ಣಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನ ಡಾಂಬರು, ಅವನ ಹೊಲ, ಅವನ ಜನ. ಅವನ ಗಂಟಲಿನಿಂದ ಮಾತು ಬಂದದ್ದು ಆಗ.

"ಹೊಳ್ಳಿಸು ತಂಗೀ. ನೆಲ ಹಿಂದ ಐತಿ."

ಅವಳು ಕೇಳಿಸದವಳ ಹಾಗೆ ಮುಂದೆಯೇ ನೋಡಿದಳು. ವರ್ತಕ ಅವಳ ಭುಜ ಹಿಡಿದ. ವಿಮಾನ ನನ್ನದು ಎಂದ. ಕೆಲಸ ಕೊಟ್ಟವನು ನಾನು ಎಂದ. ಮಕ್ಕಳು ಮರಿ ಇದ್ದಾರೆ ಎಂದ. ಎಲ್ಲವೂ ನಿಜವೇ ಆಗಿತ್ತು. ಅವಳ ಎಡಗೈ ಕೂಡ ಅವನ ಪಕ್ಷ ವಹಿಸಿ ಹಿಡಿಯನ್ನು ಒಂದಿಷ್ಟು ಓರೆ ಮಾಡಿತು. ವಿಮಾನ ಎಡಕ್ಕೆ ವಾಲಿತು. ವಾಲಿದ ಕೂಡಲೇ ಕುಸಿಯಿತು, ಕಾಲ ಕೆಳಗಿನ ಹಲಗೆ ಜಾರಿದ ಹಾಗೆ. ಸೈಕಲ್ಲಿನ ವೇಗ ಕಳೆದಾಗ ಹ್ಯಾಂಡಲ್ ತಿರುಗಿಸಿದವನು ಏನಾಗುತ್ತಾನೋ ಅದೇ ಇಲ್ಲಿಯೂ. ಸೈಕಲ್ಲಿನಿಂದ ಬಿದ್ದವನು ಮೊಣಕಾಲು ಒರೆಸಿಕೊಂಡು ಏಳುತ್ತಾನೆ, ಅಷ್ಟೇ ವ್ಯತ್ಯಾಸ. ಹಿಂದೆ ತಿರುಗಲು ಹೋದವರು ಬಿದ್ದಿರುವುದು ಯಾವಾಗಲೂ ರನ್‌ವೇಯ ಬೇಲಿಯ ಹತ್ತಿರವೇ ಎಂದು ಅವಳಿಗೆ ಕಲಿಸಿದವರು ಹೇಳಿದ್ದರು. ಮನೆಯ ಹೊಸ್ತಿಲು ಕಾಣುತ್ತಿರುವಾಗಲೇ ಅವರು ಸತ್ತಿದ್ದರು.

ಅವಳು ರೆಕ್ಕೆಗಳನ್ನು ಸಮ ಮಾಡಿದಳು. ಬೆಳಿಗ್ಗೆಯಿಂದ ಎರಡು ಸಲ ಬಗ್ಗಿದ್ದ ತಲೆ ಈಗ ನೆಟ್ಟಗೆ ನಿಂತಿತು.

"ಕೈ ತಗೀರಿ ಸಾವ್ಕಾರ್ರ. ನಾವು ಮುಂದ ಇಳೀತೀವಿ."

"ಮುಂದ ಏನೈತಿ? ಜಾಲಿ ಐತಿ."

"ಜಾಲ್ಯಾಗ ಇಳೀತೀವಿ."

ಅದನ್ನು ಅವಳು ಹೇಳಿದ ರೀತಿಗೆ ವರ್ತಕನ ಕೈ ತಾನಾಗಿ ಸಡಿಲವಾಯಿತು. ಸಾಲ ಕೊಟ್ಟವರನ್ನೂ ಅಳಿಯಂದಿರನ್ನೂ ಮಾತಿನಲ್ಲಿ ಮಣಿಸಿದ ಮನುಷ್ಯ, ಆ ಎರಡು ಮಾತಿಗೆ ತಾನೇ ಮಣಿದ. ಬೆಲ್ಟು ಬಿಗಿ ಮಾಡಿಕೊಳ್ಳಿ, ತಲೆಯ ಪಟಗ ಬಿಚ್ಚಿ ಮುಖಕ್ಕೆ ಒತ್ತಿಕೊಳ್ಳಿ, ಬಾಗಿಲಿನ ಚಿಲಕ ತೆಗೆದಿಡಿ ಎಂದು ಅವಳು ಒಂದರ ಹಿಂದೆ ಒಂದು ಹೇಳಿದಳು. ಅವನು ಮೊದಲನೇ ದಿನ ಶಾಲೆಗೆ ಹೋದ ಹುಡುಗನ ಹಾಗೆ ಒಂದೊಂದನ್ನೇ ಮಾಡಿದ.

ಬೆಂಕಿ ಹತ್ತದಿರಲೆಂದು ಅವಳು ಎಣ್ಣೆಯ ಕೀಲು ಮುಚ್ಚಿದಳು, ಎಂಜಿನ್ನಿಗೆ ಕಿಡಿ ಕೊಡುವ ಗುಂಡಿ ಆರಿಸಿದಳು. ಎಂಜಿನ್ ಏಳಲಿ ಎಂಬ ಆಸೆಯನ್ನೂ ಅದರ ಜೊತೆಗೇ ಆರಿಸಿದಳು. ಇನ್ನು ಉಳಿದದ್ದು ಜಾಲಿ. ಈಗ ಅವಳು ಜಾಲಿಯನ್ನು ಜಾಲಿಯೆಂದು ಬೈಯದೆ ನೋಡಿದಳು. ನೋಡಿದರೆ ಅದರೊಳಗೂ ದಟ್ಟ ಇತ್ತು, ತೆಳು ಇತ್ತು. ಎಡಕ್ಕೆ ಬಂಡೆ, ಬಲಕ್ಕೆ ಕೊರಕಲು, ನಡುವೆ ಎಳೆಯ ಗಿಡಗಳ ಒಂದು ಪಟ್ಟಿ. ಪಟ್ಟಿಯ ಬಾಯಲ್ಲಿ ಎರಡು ಬಲಿತ ಮರ. ಮರಗಳ ನಡುವಿನ ಜಾಗ ಡಬ್ಬಿಗೆ ಸಾಕು, ರೆಕ್ಕೆಗೆ ಸಾಲದು.

ರೆಕ್ಕೆ ಹೋಗಲಿ ಎಂದಳು.

ಮೂಗನ್ನು ಮರಗಳ ನಡುವಿಗೆ ಹಿಡಿದಳು. ಕೊನೆಯ ಗಳಿಗೆಯವರೆಗೆ ಮೂಗು ಎತ್ತಲಿಲ್ಲ. ನೆಲ ಗಾಲಿಗೆ ತಾಗುವ ಹೊತ್ತಿಗೆ ಮೆಲ್ಲಗೆ ಎತ್ತಿದಳು, ಮಲಗಿದ ಕೂಸನ್ನು ತೊಡೆಯಿಂದ ತೊಟ್ಟಿಲಿಗೆ ಇಳಿಸುವ ಹಾಗೆ. ಗಾಲಿ ಮುರಿಯಿತು. ಎಡದ ಮರ ಎಡದ ರೆಕ್ಕೆಯನ್ನು ಕಿತ್ತುಕೊಂಡಿತು, ಬಲದ ಮರ ಬಲದ ರೆಕ್ಕೆಯನ್ನು. ರೆಕ್ಕೆಗಳು ಹೊಡೆತವನ್ನೆಲ್ಲ ತಾವೇ ತಿಂದವು. ಡಬ್ಬಿ ಎಳೆಯ ಜಾಲಿಯೊಳಗೆ ಹೊಟ್ಟೆಯ ಮೇಲೆ ಜಾರುತ್ತಾ ಜಾರುತ್ತಾ, ಒಂದು ಹುತ್ತವನ್ನು ಮೂಗಿನಿಂದ ಮುಟ್ಟಿ ನಿಂತಿತು. ಹುತ್ತದ ಹಾವು ಹೊರಗೆ ಬಂದು, ಇಬ್ಬರ ಮುಖ ನೋಡಿ, ಇವರದ್ದೇ ಇವರಿಗೆ ಸಾಕಾಗಿದೆ ಎಂದು ಒಳಗೆ ಹೋಯಿತು.

ಇಬ್ಬರೂ ಬಾಗಿಲು ದೂಡಿ ಹೊರಬಂದರು. ಅವಳ ಹಣೆ ಒಡೆದು ರಕ್ತ ಇಳಿಯುತ್ತಿತ್ತು. ವರ್ತಕನಿಗೆ ಮುಳ್ಳು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆ ಮುಳ್ಳುಗಳನ್ನು ಯುಗಾದಿಯವರೆಗೆ ಮನೆಯವರು ಸರದಿಯ ಮೇಲೆ ತೆಗೆದರು.

ಪೆಂಡಾಲಿನ ಜನ ಓಡಿ ಬಂದರು. ಇಬ್ಬರೂ ನಿಂತಿರುವುದನ್ನು ಕಂಡು ಮೊದಲು ಅತ್ತರು. ಅತ್ತು ಮುಗಿದ ಮೇಲೆ, ಎಲ್ಲರ ಹಾಗೆ, ತಪ್ಪು ಯಾರದೆಂದು ಹುಡುಕಿದರು. ದಿನಾ ಎಂಜಿನ್ ಸಾಯುತ್ತದೆ ಸಾಯುತ್ತದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದಳಂತೆ, ಅವಳ ನಾಲಿಗೆಯೇ ಹೀಗೆ ಮಾಡಿತು ಎಂದು ಬೀಗಿತ್ತಿಯೊಬ್ಬಳು ಎಂದಳು. ನಾಲ್ಕು ಜನ ಹೌದೆಂದರು.

ಹೆಣ್ಣುಮಗಳು ಮುರಿದು ಬಿದ್ದ ರೆಕ್ಕೆಯ ಹತ್ತಿರ ಹೋಗಿ ಟಾಕಿಯ ಮುಚ್ಚಳ ತಿರುಗಿಸಿದಳು. ಟಾಕಿ, ಉಸಿರು ಕಟ್ಟಿದವನು ನೀರಿನಿಂದ ತಲೆ ಎತ್ತಿದ ಹಾಗೆ, ಸುಯ್ಯೆಂದು ಗಾಳಿ ಎಳೆದುಕೊಂಡಿತು. ಒಳಗೆ ಎಣ್ಣೆ ತುಂಬಿತ್ತು. ಮುಚ್ಚಳವನ್ನು ತಂದು ವರ್ತಕನ ಮುಂದೆ ಹಿಡಿದಳು. ತೂತಿನೊಳಗೆ ವಿಭೂತಿ ಕಲ್ಲಾಗಿ ಕೂತಿತ್ತು. ವರ್ತಕ ಮುಚ್ಚಳ ನೋಡಿದ, ತನ್ನ ಬೆರಳು ನೋಡಿಕೊಂಡ. ಉಗುರ ಸಂದಿಯಲ್ಲಿ ಕುಂಕುಮ ಹಾಗೇ ಇತ್ತು. ನಾನು ಏಣಿ ಹತ್ತಬೇಕಿತ್ತು, ಹತ್ತಲಿಲ್ಲ ಎಂದಳು ಅವಳು. ಅವಳು ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಬೀಗಿತ್ತಿಗೆ ಬಾಯಿ ಮುಚ್ಚಲು ಹೇಳಿದ.

ಸ್ವಲ್ಪ ಹೊತ್ತಿನ ಮೇಲೆ, ಜನರೆಲ್ಲ ರೆಕ್ಕೆಗಳ ಸುತ್ತ ನೆರೆದಿದ್ದಾಗ, ಅವನು ಅವಳ ಪಕ್ಕ ಬಂದು ಕೂತ. ತನ್ನ ಪಟಗದ ತುದಿ ಹರಿದು ಅವಳ ಹಣೆಗೆ ಕಟ್ಟಿದ. ಕಟ್ಟುತ್ತಲೇ ಹೇಳಿದ.

"ತಂಗೀ, ರನ್‌ವೇ ಅಷ್ಟು ಹತ್ರ ಇತ್ತು. ನಾನ ನೋಡಿದೆ."

"ಅಷ್ಟು ಹತ್ರ ಇತ್ತಲ್ರಿ ಸಾವ್ಕಾರ್ರ" ಎಂದಳು ಅವಳು, "ನನಗ ಅಂಜಿಕಿ ಆಗಿದ್ದು ಅದರದ. ಜಾಲೀದಲ್ಲ."

ಅಜ್ಜಾರು ಕತೆ ಅಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪನಿಗೆ ಕತೆ ಅರ್ಥವಾಗಿತ್ತು. ಅರ್ಥವಾದದ್ದೇ ಅವನ ಕಷ್ಟವಾಗಿತ್ತು. ವಸ್ತಿಯಲ್ಲಿ ಮಕ್ಕಳು ಬೀಗ ಬಿದ್ದ ಬಾಗಿಲ ಮುಂದೆ ಬಿಸಿಲಲ್ಲಿ ನಿಂತು, ಅವನು ಚೀಲ ಕಟ್ಟುವುದನ್ನು ನೋಡಿದ್ದರು. ಎಲ್ಲಿಗೆ ಹೊರಟಿರಿ ಎಂದು ಒಬ್ಬರೂ ಕೇಳಿರಲಿಲ್ಲ. ಆದರೂ ಅವನು ಕೊನೆಯ ಒಂದು ಮಾತು ಕೇಳಿದ.

"ಆಕಿ ಮುಂದ ಇಳಿಯಾಕ ನೆಲಾನರ ಇತ್ರಿ ಅಜ್ಜಾರ. ನನ್ನ ಮುಂದ ಏನೈತ್ರಿ? ಬಿಸಲು, ಕಲ್ಲು, ಬೀಗ ಹಾಕಿದ ಬಾಗಿಲ."

ಅಜ್ಜಾರು ಅವನ ಚೀಲವನ್ನು ಎತ್ತಿ ಅವನ ತೊಡೆಯ ಮೇಲೆ ಇಟ್ಟರು.

"ಆಕಿ ಇಳಿಯೂತನಕ ಅದಕ್ಕ ಯಾರೂ ನೆಲ ಅಂದಿದ್ದಿಲ್ಲ, ತಮ್ಮಾ."